ಬೆಂಕಿ ಆರಿದ ಶೆಡ್ಡುಗಳು: ಎಡೆದೊರೆ ನಾಡಿನ ಅಂಚಿನ ರೈಲು ದುರಸ್ತಿ ಮನೆಗಳು (1871–2025)

ಸಿಂಧನೂರಿಗೆ ರೈಲು ಬಂದ ಸಂತೋಷಕ್ಕೆ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಯಲ್ಲಿ ಹೋರಾಟದ ಕಥೆ ಬರೆಯುವವರಿದ್ದಾರೆ, ಮೊದಲ ದಿನ ಗಾಡಿ ಹತ್ತಿದವರ ಅನುಭವ ಹೇಳುವವರಿದ್ದಾರೆ. ನಾನು ಸಂಪಾದಕರಲ್ಲಿ ಕೇಳಿ ಪಡೆದದ್ದು ಬೇರೆ ವಿಷಯ. ಎಂಜಿನ್ನಿನ ಹೊಟ್ಟೆ ತೊಳೆದು, ಬೂದಿ ತೆಗೆದು, ಕೀಲಿಗೆ ಎಣ್ಣೆ ಹಾಕಿ, ಗಾಲಿ ತಟ್ಟಿ ನೋಡಿ, ಮತ್ತೆ ಹಳಿಗೆ ಬಿಡುತ್ತಿದ್ದ ದುರಸ್ತಿ ಮನೆಗಳ ಚರಿತ್ರೆ ಅದು. ಅವನ್ನು ನಮ್ಮ ಕಡೆಯವರು ‘ಲೋಕೋ’ ಎಂದರು, ‘ಶೆಡ್ಡು’ ಎಂದರು, ದೊಡ್ಡದಿದ್ದರೆ ‘ವರ್ಕ್‌ಶಾಪು’ ಎಂದರು. ಈಗ ಅವುಗಳಲ್ಲಿ ಉಗಿಯ ಕೆಲಸ ಇಲ್ಲ. ಆ ಕೆಲಸ ಗೊತ್ತಿದ್ದವರೂ ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕೃಷ್ಣೆ ತುಂಗಭದ್ರೆಯರ ನಡುವಿನ ನೆಲ. ಶಾಸನಗಳು ಇದನ್ನು ಎಡೆದೊರೆ ಎಂದು ಕರೆದಿವೆ. ಈ ನೆಲದ ಪೂರ್ವದ ಅಂಚಿನಲ್ಲಿ ಒಂದು ರೈಲು ದಾರಿ, ದಕ್ಷಿಣದ ಅಂಚಿನಲ್ಲಿ ಇನ್ನೊಂದು. ಎರಡೂ ಹತ್ತೊಂಬತ್ತನೆಯ ಶತಮಾನದಲ್ಲೇ ಬಂದವು. ನಡುವಿನ ನಮಗೆ ಬರಲು 2024 ಆಗಬೇಕಾಯಿತು. ಹಾಗಾಗಿ ನಮ್ಮ ರೈಲಿನ ಚರಿತ್ರೆ ಶುರುವಾಗುವುದೇ ಊರಿನ ಹೊರಗೆ, ರಾಯಚೂರಿನಲ್ಲಿ ಮತ್ತು ಹುಬ್ಬಳ್ಳಿಯಲ್ಲಿ.

1871: ಎರಡು ಕಂಪನಿಗಳ ಗಡಿ

1853ರ ಒಪ್ಪಂದದಲ್ಲಿ ಹೈದರಾಬಾದಿನ ನಿಜಾಮರು ರಾಯಚೂರು ದೋಆಬನ್ನು, ಅಂದರೆ ಇದೇ ಎಡೆದೊರೆ ನಾಡನ್ನು, ಇಂಗ್ಲಿಷರ ಆಡಳಿತಕ್ಕೆ ಬಿಟ್ಟುಕೊಟ್ಟರು. 1860ರಲ್ಲಿ ಅದು ಹೈದರಾಬಾದಿಗೆ ಮರಳಿತು. ಆ ಹೊತ್ತಿಗೆ ಮುಂಬಯಿಯನ್ನೂ ಮದರಾಸನ್ನೂ ಹಳಿಯಿಂದ ಜೋಡಿಸುವ ಕೆಲಸ ಎರಡೂ ತುದಿಯಿಂದ ನಡೆದಿತ್ತು. ಮುಂಬಯಿಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ, ಅಂದರೆ ಜಿಐಪಿ, ಪುಣೆ, ಸೊಲ್ಲಾಪುರ, ಕಲಬುರಗಿ, ಯಾದಗಿರಿ ದಾಟಿ ಕೃಷ್ಣೆಗೆ ಸೇತುವೆ ಕಟ್ಟಿಕೊಂಡು ಬಂತು. ಮದರಾಸು ರೈಲ್ವೆ ಕಂಪನಿ ಅರಕ್ಕೋಣಂ, ಕಡಪ, ಗುಂತಕಲ್ಲು, ಆದೋನಿ ದಾಟಿ ತುಂಗಭದ್ರೆಗೆ ಸೇತುವೆ ಕಟ್ಟಿಕೊಂಡು ಬಂತು. 1871ರಲ್ಲಿ ಇಬ್ಬರೂ ಕೂಡಿದ್ದು ರಾಯಚೂರಿನಲ್ಲಿ.

ಮದರಾಸಿನಿಂದ ಮುಂಬಯಿಗೆ ಹೋಗುವ ಸರಕಿಗೂ ಅಂಚೆಗೂ ರಾಯಚೂರು ನಡುದಾರಿಯ ಊರು. ಕಂಪನಿಗಳಿಗೆ ಮಾತ್ರ ಅದು ಗಡಿ. ಒಂದು ಕಂಪನಿಯ ಎಂಜಿನ್ನು ಇಲ್ಲಿಗೆ ಬಂದು ನಿಲ್ಲಬೇಕು, ಇನ್ನೊಂದರ ಎಂಜಿನ್ನು ಡಬ್ಬಿಗಳನ್ನು ಎಳೆದುಕೊಂಡು ಮುಂದೆ ಹೋಗಬೇಕು. ನಿಂತ ಎಂಜಿನ್ನಿಗೆ ನೀರು ಬೇಕು, ಕಲ್ಲಿದ್ದಲು ಬೇಕು, ಮುಖ ತಿರುಗಿಸಿಕೊಳ್ಳಲು ತಿರುಗು ಹಳಿ ಬೇಕು, ಬೂದಿ ಸುರಿಯಲು ಗುಂಡಿ ಬೇಕು, ಕೆಳಗೆ ಇಳಿದು ನೋಡಲು ಕಲ್ಲು ಕಟ್ಟಿದ ಪಿಟ್ ಬೇಕು. ಡ್ರೈವರ್, ಫೈರ್‌ಮನ್‌ಗಳಿಗೆ ಮಲಗಲು ಕೋಣೆ ಬೇಕು. ಒಂದು ಜಿಲ್ಲಾ ಊರಿಗೆ ಯಂತ್ರದ ಕೆಲಸ ಕಾಲಿಟ್ಟದ್ದು ಹೀಗೆ, ಕಂಪನಿಗಳ ಲೆಕ್ಕಾಚಾರದ ಗೆರೆಯೊಂದು ಇಲ್ಲಿ ಬಿದ್ದದ್ದರಿಂದ.

ಶೆಡ್ಡಿನ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಇಂದಿನ ಹುಡುಗರ ಕಣ್ಣಿಗೆ ಅದು ಬಿದ್ದಿಲ್ಲ. ಉಗಿ ಎಂಜಿನ್ನು ಗುಂಡಿ ಒತ್ತಿದರೆ ಹೊರಡುವಂಥದಲ್ಲ. ತಣ್ಣಗಾದ ಬಾಯ್ಲರಿಗೆ ಬೆಂಕಿ ಹಾಕಿ ಉಗಿ ಏಳಿಸಲು ತಾಸುಗಟ್ಟಲೆ ಹೊತ್ತು ಹಿಡಿಯುತ್ತದೆ. ಬೆಳಗಿನ ಗಾಡಿಗೆ ನಡುರಾತ್ರಿಯೇ ಭಟ್ಟಿ ಹೊತ್ತಿಸಬೇಕು. ಕಾಲ್ ಬಾಯ್ ಎಂಬ ಹುಡುಗ ಕ್ವಾರ್ಟರ್ಸಿನ ಮನೆ ಮನೆಗೆ ಹೋಗಿ ಬಾಗಿಲು ಬಡಿದು ಡ್ರೈವರನನ್ನು ಎಬ್ಬಿಸಬೇಕು. ಡ್ಯೂಟಿ ಮುಗಿಸಿ ಬಂದ ಎಂಜಿನ್ನಿನ ಬೂದಿಯನ್ನು ಕಲಾಸಿಗಳು ಎಳೆದು ತೆಗೆಯಬೇಕು. ಹೊಗೆಗೂಡಿನ ಮಸಿ ಕೆರೆಯಬೇಕು. ಹಳಿಯ ಮೇಲೆ ಜಾರದಂತೆ ಗಾಲಿಯ ಮುಂದೆ ಬೀಳಿಸುವ ಮರಳನ್ನು ಒಣಗಿಸಿ, ಜರಡಿ ಹಿಡಿದು ತುಂಬಬೇಕು.

ಎಲ್ಲಕ್ಕಿಂತ ದೊಡ್ಡ ತಲೆನೋವು ನೀರು. ನಮ್ಮ ಎರೆಹೊಲದ ಬಾವಿಯ ಸವುಳು ನೀರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ನೀರು ಬಾಯ್ಲರಿನಲ್ಲಿ ಕುದಿದರೆ ಕೊಳವೆಗಳ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಬೆಂಕಿಯ ಕಾವು ನೀರಿಗೆ ತಲುಪುವುದಿಲ್ಲ, ತಗಡು ಕೆಂಪಗೆ ಕಾಯುತ್ತದೆ. ಆದ್ದರಿಂದ ಗೊತ್ತಾದ ದಿನಕ್ಕೊಮ್ಮೆ ಎಂಜಿನ್ನನ್ನು ತಣಿಸಿ, ಬಿರಡೆಗಳನ್ನು ಬಿಚ್ಚಿ, ಒಳಗಿನ ಕೆಸರನ್ನೂ ಚಕ್ಕೆಯನ್ನೂ ನೀರಿನ ರಭಸದಿಂದ ತೊಳೆದು ತೆಗೆಯುವುದೇ ಶೆಡ್ಡಿನ ಮುಖ್ಯ ವ್ರತ. ಭಟ್ಟಿಯ ನೆತ್ತಿಯಲ್ಲಿ ಸೀಸದ ಬಿರಡೆಯೊಂದನ್ನು ಕೂರಿಸಿರುತ್ತಿದ್ದರು. ನೀರು ತೀರಾ ಇಳಿದರೆ ಅದು ಕರಗಿ, ಉಗಿಯೇ ನುಗ್ಗಿ ಬೆಂಕಿಯನ್ನು ಆರಿಸಿ, ಬಾಯ್ಲರ್ ಸಿಡಿಯದಂತೆ ಕಾಯುತ್ತಿತ್ತು. ಹೀಗೆ ಸೀಸ ಕರಗಿಸಿಕೊಂಡು ಬರುವುದು ಡ್ರೈವರನಿಗೂ ಫೈರ್‌ಮನ್‌ಗೂ ದೊಡ್ಡ ಅವಮಾನ.

ಉರುವಲಿನ ಕಥೆಯೂ ನಮ್ಮ ನಾಡಿನ ಕಥೆಗೆ ಹೆಣೆದುಕೊಂಡಿದೆ. ಮೊದಮೊದಲು ಇಂಗ್ಲೆಂಡಿನ ಕಲ್ಲಿದ್ದಲು ಹಡಗಿನಲ್ಲಿ ಬಂದು ಉರಿಯುತ್ತಿತ್ತು. ಮದರಾಸು ಕಂಪನಿಯಂತೂ ಕಟ್ಟಿಗೆಯನ್ನೇ ಬಹಳ ಸುಟ್ಟಿತು. ರಾಯಚೂರಿನಲ್ಲಿ ಹಳಿ ಕೂಡಿದ ಅದೇ 1871ರಲ್ಲಿ ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿ ನಿಜಾಂ ರಾಜ್ಯದ ಯೆಲ್ಲಂದು ಬಳಿ ಕಲ್ಲಿದ್ದಲನ್ನು ಗುರುತಿಸಿದರು. 1886ರಲ್ಲಿ ಹೈದರಾಬಾದ್ (ಡೆಕ್ಕನ್) ಕಂಪನಿಗೆ ಗಣಿಯ ಹಕ್ಕು ಸಿಕ್ಕಿತು. 1889ರಿಂದ ಆ ಗಣಿಯ ಸಿಂಗರೇಣಿ ಕಲ್ಲಿದ್ದಲು ಹೊರಬಂತು. ನಿಜಾಮರ ರೈಲು ದಾರಿ 1874ರಲ್ಲೇ ಸಿಕಂದರಾಬಾದಿನಿಂದ ವಾಡಿಗೆ ಬಂದು ಜಿಐಪಿ ಹಳಿಗೆ ಸೇರಿತ್ತು. ಎರಡರದೂ ಅಗಲ ಒಂದೇ ಆದ್ದರಿಂದ ಸಿಂಗರೇಣಿಯಿಂದ ರಾಯಚೂರಿನವರೆಗೆ ವ್ಯಾಗನ್ನಿನಿಂದ ವ್ಯಾಗನ್ನಿಗೆ ಸುರಿಯದೆಯೇ ಕಲ್ಲಿದ್ದಲು ಬರುವ ದಾರಿ ತೆರೆಯಿತು.

1876–1908: ಬರ ಕಟ್ಟಿಸಿದ ಹಳಿ

1876ರಿಂದ 78ರವರೆಗಿನ ಬರದ ಹೆಸರು ಹೇಳಿದರೆ ಈಗಲೂ ಬಳ್ಳಾರಿ, ರಾಯಚೂರು, ಲಿಂಗಸುಗೂರು ಸೀಮೆಯ ಹಿರಿಯರು ಕಿವಿಗೆ ಬಿದ್ದ ಮಾತುಗಳನ್ನು ನೆನೆದು ಸುಮ್ಮನಾಗುತ್ತಾರೆ. ಹಳಿ ಇದ್ದ ಊರಿಗೆ ಕಾಳು ಬಂತು. ಹಳಿಯಿಂದ ದೂರವಿದ್ದ ಊರಿಗೆ ಎತ್ತಿನ ಬಂಡಿಯಲ್ಲಿ ಬರಬೇಕು, ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. 1880ರಲ್ಲಿ ವರದಿ ಕೊಟ್ಟ ಬರ ಆಯೋಗ ಬರಪೀಡಿತ ಸೀಮೆಗಳಿಗೆ ರೈಲು ಹಾಕಲೇಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು ಆ ಅಗತ್ಯದಿಂದ.

ಖರ್ಚು ಉಳಿಸಲು ಆ ಕಂಪನಿ ಒಂದು ಮೀಟರ್ ಅಗಲದ ಹಳಿ ಹಾಕಿತು. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ, ಇತ್ತ ಗದಗದಿಂದ ಬಾಗಲಕೋಟೆ, ವಿಜಯಪುರ ದಾಟಿ ಹೋಟಗಿ: 1880ರ ದಶಕ ಮುಗಿಯುವುದರೊಳಗೆ ಉತ್ತರ ಕರ್ನಾಟಕದ ಬೆನ್ನೆಲುಬು ಸಿದ್ಧವಾಯಿತು. ಇಷ್ಟು ದಾರಿಯ ಎಂಜಿನ್ನು, ಡಬ್ಬಿ, ವ್ಯಾಗನ್ನುಗಳಿಗೆ ತವರು ಮನೆ ಬೇಕಲ್ಲ. 1885ರಲ್ಲಿ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಸ್ಥಾಪನೆಯಾಯಿತು.

ಶೆಡ್ಡಿಗೂ ವರ್ಕ್‌ಶಾಪಿಗೂ ವ್ಯತ್ಯಾಸವಿದೆ. ದಿನದ ಆರೈಕೆ ಶೆಡ್ಡಿನದು. ವರುಷಗಟ್ಟಲೆ ಓಡಿ ದಣಿದ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಬಾಯ್ಲರನ್ನು ಚೌಕಟ್ಟಿನಿಂದ ಎತ್ತಿ, ಗಾಲಿಗಳಿಗೆ ಹೊಸ ಪಟ್ಟಿ ಏರಿಸಿ, ಎರಕ ಹೊಯ್ದು, ಕುಲುಮೆಯಲ್ಲಿ ಬಡಿದು ಮತ್ತೆ ಜೋಡಿಸುವುದು ವರ್ಕ್‌ಶಾಪಿನದು. ಹುಬ್ಬಳ್ಳಿಯ ಗದಗ ರಸ್ತೆಯ ಆ ಆವರಣದಲ್ಲಿ ಬಡಿಗರು, ಕಮ್ಮಾರರು, ಎರಕದವರು, ಬಣ್ಣದವರು, ಚರ್ಮದ ಕೆಲಸದವರು ಒಂದೇ ಭೋಂಗಾ ಕೂಗಿಗೆ ಒಳಹೊಕ್ಕು ಒಂದೇ ಕೂಗಿಗೆ ಹೊರಬಂದರು. ಕುಲದ ಕಸುಬಾಗಿದ್ದ ಕೈಚಳಕ ಅಲ್ಲಿ ಸಂಬಳದ ಕಸುಬಾಯಿತು. ಹುಬ್ಬಳ್ಳಿ ಇಂದು ನಾವು ಕಾಣುವ ಹುಬ್ಬಳ್ಳಿಯಾದದ್ದರಲ್ಲಿ ಹತ್ತಿಯ ಪಾಲೆಷ್ಟೋ ಆ ಭೋಂಗಾದ ಪಾಲೂ ಅಷ್ಟೇ ಎಂದು ನನ್ನ ನಂಬಿಕೆ.

ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. 1908ರಲ್ಲಿ ಸದರ್ನ್ ಮರಾಠಾ ಮತ್ತು ಮದರಾಸು ಕಂಪನಿಗಳು ಸೇರಿ ಮದರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆದಾಗ ಕಚೇರಿ ಮದರಾಸಿಗೆ ಹೋಯಿತು. ಧಾರವಾಡದ ಆ ಭವ್ಯ ಕಟ್ಟಡ ಖಾಲಿ ಉಳಿಯಿತು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಅದೇ ಕಟ್ಟಡಕ್ಕೆ ಬಂದು ನೆಲೆಸಿತು. ಬಂಡಿಗಳ ಲೆಕ್ಕ ಬರೆದ ಕೋಣೆಗಳಲ್ಲಿ ಕನ್ನಡ ನಾಡಿನ ಎಷ್ಟು ತಲೆಮಾರು ಪಾಠ ಕೇಳಿತು ಎಂಬುದನ್ನು ಓದುಗರು ಬಲ್ಲರು. ಈ ಕಟ್ಟಡದ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಎರಡು ಅಗಲದ ಹಳಿಗಳ ನಡುವೆ ಸಿಕ್ಕ ಸೀಮೆಯ ಪಾಡನ್ನೂ ಹೇಳಬೇಕು. ರಾಯಚೂರಿನದು ಐದೂವರೆ ಅಡಿಯ ದೊಡ್ಡ ಹಳಿ, ಕೊಪ್ಪಳದ್ದು ಮೀಟರ್ ಹಳಿ. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಗುಂತಕಲ್ಲಿನಲ್ಲೋ ಹೋಟಗಿಯಲ್ಲೋ ಹಮಾಲರು ಒಂದು ವ್ಯಾಗನ್ನಿನ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಇನ್ನೊಂದಕ್ಕೆ ತುಂಬಬೇಕಿತ್ತು. ಶೆಡ್ಡುಗಳದ್ದೂ ಅದೇ ಕಥೆ. ಗಾಲಿ, ಅಚ್ಚು, ಪಿಟ್ಟಿನ ಅಗಲ ಯಾವುದೂ ಒಂದಕ್ಕೊಂದು ಕೂಡದು. ನೂರು ವರ್ಷಕ್ಕೂ ಮಿಕ್ಕಿ ನಮ್ಮ ಎಡಬಲದಲ್ಲಿ ಎರಡು ರೈಲು ಲೋಕಗಳು ಹೀಗೆ ಬೆನ್ನು ತಿರುಗಿಸಿ ನಿಂತಿದ್ದವು.

1905, 1915: ಲಿಂಗಸುಗೂರು ಮತ್ತು ಮಸ್ಕಿ

ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ಛಾವಣಿ ಇದ್ದ ಊರು, ಜಿಲ್ಲೆಯ ಮುಖ್ಯ ಊರು. 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನು ರದ್ದು ಮಾಡಿ ಅದರ ತಾಲೂಕುಗಳನ್ನು ನೆರೆಯ ಜಿಲ್ಲೆಗಳಿಗೆ ಹಂಚಿದರು. ರೈಲು ಇಲ್ಲದ್ದೊಂದೇ ಇದಕ್ಕೆ ಕಾರಣ ಎನ್ನಲಾರೆ. ಆದರೆ ಹಳಿ ಸೇರಿದ ರಾಯಚೂರು ಬೆಳೆಯಿತು, ಹಳಿ ಕಾಣದ ಲಿಂಗಸುಗೂರು ಜಿಲ್ಲೆಯ ಪಟ್ಟ ಕಳೆದುಕೊಂಡಿತು ಎಂಬುದು ಕಣ್ಣೆದುರಿನ ಸಂಗತಿ.

ಅದೇ ತಾಲೂಕಿನ ಹಟ್ಟಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಿನ್ನದ ಗಣಿಗಳು ಹೊಸ ಯಂತ್ರಗಳೊಂದಿಗೆ ಮತ್ತೆ ತೆರೆದವು. ಪ್ರಾಚೀನರು ಬೆಂಕಿ ಹಾಕಿ ಬಂಡೆ ಸೀಳಿ ತೋಡಿದ್ದ ಗುಂಡಿಗಳ ಮೇಲೆಯೇ ಈ ಕೆಲಸ ನಡೆಯಿತು. ಮೊದಲ ಮಹಾಯುದ್ಧದ ನಂತರ, 1920ರ ಹೊತ್ತಿಗೆ, ಅದು ನಿಂತುಹೋಯಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯಾಗಿ ಮರುಹುಟ್ಟು ಪಡೆದು, ರಾಜ್ಯಗಳ ಪುನರ್ವಿಂಗಡಣೆಯ ನಂತರ ಹಟ್ಟಿ ಚಿನ್ನದ ಗಣಿ ಕಂಪನಿ ಎನಿಸಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿ ಎಂದರೆ ಹಟ್ಟಿಯೇ. ಅಷ್ಟು ದೊಡ್ಡ ಗಣಿಗೂ ಹಳಿಯ ನಂಟು ಇರಲಿಲ್ಲ.

ಮಸ್ಕಿಯ ಹೆಸರು ಜಗತ್ತಿಗೆ ತಿಳಿದದ್ದೂ ಗಣಿಯವರ ಕಣ್ಣಿನಿಂದಲೇ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹುಡುಕುತ್ತಾ ಬಂದಾಗ ಗುಡ್ಡದ ಬಂಡೆಯ ಮೇಲಿನ ಅಕ್ಷರಗಳು ಕಂಡವು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದ ಆ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಸಂಪಾದಿಸಿ ಪ್ರಕಟಿಸಿದರು. ಶಾಸನಗಳ ದೇವಾನಾಂಪ್ರಿಯ ಯಾರು ಎಂಬ ಪ್ರಶ್ನೆಗೆ ಮಸ್ಕಿಯ ಬಂಡೆ ಉತ್ತರ ಕೊಟ್ಟಿತು. ರೈಲು ದಾರಿಯ ಲೇಖನದಲ್ಲಿ ಇದೇಕೆ ಎನ್ನಬಹುದು. ಅಷ್ಟು ದೊಡ್ಡ ಸುದ್ದಿ ಕೊಟ್ಟ ಊರಿಗೆ ಹೋಗಬೇಕೆಂದ ವಿದ್ವಾಂಸರು ಅಂದಿನಿಂದ ಇಂದಿನವರೆಗೂ ರೈಲಿಳಿದು ಬೇರೆ ವಾಹನ ಹಿಡಿದೇ ಬಂದಿದ್ದಾರೆ.

1944–1974: ಯಜಮಾನರು ಬದಲಾದರು, ಕೆಲಸ ಬದಲಾಗಲಿಲ್ಲ

ಮದರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯನ್ನು 1944ರಲ್ಲಿ ಸರ್ಕಾರ ವಹಿಸಿಕೊಂಡಿತು. 1951ರ ಏಪ್ರಿಲಿನಲ್ಲಿ ಅದು ದಕ್ಷಿಣ ರೈಲ್ವೆಯ ಭಾಗವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಜಿಐಪಿ ಮತ್ತು ನಿಜಾಮರ ರೈಲ್ವೆ ಮಧ್ಯ ರೈಲ್ವೆಗೆ ಸೇರಿದವು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ ಹುಬ್ಬಳ್ಳಿ ಅದರ ಪಾಲಿಗೆ ಹೋಯಿತು. 2003ರಲ್ಲಿ ಹುಬ್ಬಳ್ಳಿಯೇ ನೈರುತ್ಯ ರೈಲ್ವೆಯ ಕೇಂದ್ರವಾಯಿತು. ಟೋಪಿಯ ಬಿಲ್ಲೆ, ಡಬ್ಬಿಯ ಮೇಲಿನ ಅಕ್ಷರ ಬದಲಾದವು. ಪಿಟ್ಟಿನೊಳಗೆ ಇಳಿದವನ ಕೈಯ ಸ್ಪ್ಯಾನರ್ ಬದಲಾಗಲಿಲ್ಲ.

ಸ್ವಾತಂತ್ರ್ಯದ ನಂತರ ಮೀಟರ್ ಹಳಿಗೆ ವೈಪಿ, ವೈಜಿ ಎಂಬ ಎಂಜಿನ್ನುಗಳು ಬಂದವು. ಮೊದಲನೆಯದು ಪ್ರಯಾಣಿಕರ ಗಾಡಿಗೆ, ಎರಡನೆಯದು ಸರಕಿಗೆ. ದೊಡ್ಡ ಹಳಿಯಲ್ಲಿ ಡಬ್ಲ್ಯುಪಿ, ಡಬ್ಲ್ಯುಜಿ. ಹೊಸಪೇಟೆಯ ಕಬ್ಬಿಣದ ಅದಿರು, ಗದಗದ ಹತ್ತಿ, ರಾಯಚೂರಿನ ಶೇಂಗಾ, ಎಲ್ಲವೂ ಈ ಎಂಜಿನ್ನುಗಳ ಹಿಂದೆ ಹೋದವು. ಗದಗ, ಹೊಸಪೇಟೆ, ಹುಬ್ಬಳ್ಳಿಯ ಶೆಡ್ಡುಗಳು ಹಗಲಿರುಳು ಹೊಗೆಯಾಡಿದ ಕಾಲ ಅದು.

ಈ ಅವಧಿಯಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಭಿನ್ನಾಭಿಪ್ರಾಯಗಳು ಬಂದವು. 1974ರ ಮೇ 8ರಿಂದ ಇಪ್ಪತ್ತು ದಿನ ದೇಶದ ತುಂಬ ರೈಲು ಮುಷ್ಕರ ನಡೆಯಿತು. ಅದರ ಮುಂದಾಳು ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನವರು. ಆ ದಿನಗಳಲ್ಲಿ ಕೆಲಸ ಕಳೆದುಕೊಂಡ ಮನೆಗಳೂ ಉಂಟು, ಕೆಲಸಕ್ಕೆ ಹೋಗಿ ಜೊತೆಗಾರರ ಮುಖ ನೋಡಲಾಗದೆ ನೊಂದವರೂ ಉಂಟು. ಇಬ್ಬರ ಮಕ್ಕಳೂ ಇಂದು ಒಂದೇ ಓಣಿಯಲ್ಲಿದ್ದಾರೆ. ಮುಷ್ಕರದವರ ಎಂಟು ತಾಸಿನ ಕೆಲಸದ ಬೇಡಿಕೆಯಲ್ಲಿ ನ್ಯಾಯವಿತ್ತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

1953: ಕಾಲುವೆ ಬಂತು, ಹಳಿ ಬರಲಿಲ್ಲ

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು. ಈ ಕಡೆ ಹೈದರಾಬಾದಿನ ಪಾಲು, ಆ ಕಡೆ ಮದರಾಸಿನ ಪಾಲು. 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಹೋಗುತ್ತದೆ. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲ ಗದ್ದೆಯಾಯಿತು. ಹೊಸ ಒಕ್ಕಲುಗಳ ಕ್ಯಾಂಪುಗಳು ಎದ್ದವು, ರೈಸ್ ಮಿಲ್ಲುಗಳ ಚಿಮಣಿ ಎದ್ದವು. ಸಿಂಧನೂರಿನ ಅಕ್ಕಿ ಊರೂರಿಗೆ ಹೋಯಿತು, ಲಾರಿಯ ಮೇಲೆ.

ನನ್ನ ಬಾಲ್ಯದ ರೈಲು ಎಂದರೆ ರಾಯಚೂರು. ಮುಂಬಯಿಗೆ ದುಡಿಯಲು ಹೊರಟ ಚಿಗಪ್ಪನನ್ನು ಕಳಿಸಲು ಅಪ್ಪ, ಅವ್ವ, ನಾನು ಕೆಂಪು ಬಸ್ಸಿನಲ್ಲಿ ಹೋಗಿ ‘ಟೇಶನ್ನಿ’ನಲ್ಲಿ ಇಡೀ ರಾತ್ರಿ ಗಂಟು ಮೂಟೆಯ ಮೇಲೆ ತಲೆಯಿಟ್ಟು ಮಲಗಿದ್ದೆವು. ಗಾಡಿ ನಿಂತಾಗ ಒಬ್ಬಾತ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದೇ ಗಾಲಿಗೆ ತಟ್ಟುತ್ತಾ ಹೋದ. ‘ಯಾಕ್ ಬಡಿತಾನಪ್ಪಾ?’ ಎಂದು ಕೇಳಿದೆ. ‘ಕುಂಬಾರ ಗಡಿಗಿ ತಟ್ಟಿ ನೋಡಂಗಿಲ್ಲೇನು? ಸೀಳಿದ್ರ ದನಿ ಬ್ಯಾರೆ ಬರ್ತದ’ ಎಂದ ಅಪ್ಪ. ಚಿಗಪ್ಪನ ಗಾಡಿ ಹೊರಟಿತು, ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ದುರಸ್ತಿಯ ಕೆಲಸದ ಬಗ್ಗೆ ನನಗೆ ಹುಟ್ಟಿದ ಗೌರವ ಆ ಸುತ್ತಿಗೆಯ ದನಿಯಿಂದ ಹುಟ್ಟಿದ್ದು.

1970–2000: ಬೆಂಕಿ ಆರಿದ ವರ್ಷಗಳು

1970ರಲ್ಲಿ ಚಿತ್ತರಂಜನ್ ಕಾರ್ಖಾನೆ ದೊಡ್ಡ ಹಳಿಯ ಕೊನೆಯ ಉಗಿ ಎಂಜಿನ್ನನ್ನು ಕಟ್ಟಿ ‘ಅಂತಿಮ ಸಿತಾರಾ’ ಎಂದು ಹೆಸರಿಟ್ಟಿತು. 1972ರಲ್ಲಿ ಮೀಟರ್ ಹಳಿಯ ಕೊನೆಯ ವೈಜಿ ಹೊರಬಂತು. ಅಲ್ಲಿಂದ ಮುಂದೆ ಹಳೆಯದನ್ನು ತೇಪೆ ಹಾಕಿ ಓಡಿಸಿದ್ದಷ್ಟೇ. 1992ರಲ್ಲಿ ದೇಶದ ಹಳಿಯೆಲ್ಲ ಒಂದೇ ಅಗಲಕ್ಕೆ ಬರಬೇಕೆಂಬ ಯೋಜನೆ ಶುರುವಾಯಿತು. ತೊಂಬತ್ತರ ದಶಕದ ನಡುವಿನಲ್ಲಿ ಹುಬ್ಬಳ್ಳಿ–ಹೊಸಪೇಟೆ ದಾರಿ ಅಗಲವಾಯಿತು. 1995ರ ಡಿಸೆಂಬರಿನಲ್ಲಿ ದೇಶದ ದೊಡ್ಡ ಹಳಿಯ ಉಗಿ ಸೇವೆ ಮುಗಿಯಿತು. ಗದಗದಿಂದ ಹೋಟಗಿಯ ಕಡೆಗಿನ ಮೀಟರ್ ಹಳಿ ಇನ್ನೂ ಕೆಲವು ವರ್ಷ ಉಸಿರು ಹಿಡಿದುಕೊಂಡಿತ್ತು.

ಡೀಸೆಲ್ ಎಂಜಿನ್ನಿಗೆ ನೀರಿನ ತೊಟ್ಟಿ ಬೇಡ, ಬೂದಿಗುಂಡಿ ಬೇಡ, ಮುಖ ತಿರುಗಿಸುವುದೂ ಬೇಡ. ಗಡಿಯಲ್ಲಿ ನಿಲ್ಲದೆ ದೂರದವರೆಗೆ ಓಡುತ್ತದೆ. ರಾಯಚೂರಿನಲ್ಲಿ ಎಂಜಿನ್ನು ನಿಲ್ಲಲೇಬೇಕಾಗಿದ್ದ ಕಾರಣವೇ ಇಲ್ಲವಾಯಿತು. ಗದಗ, ಹೊಸಪೇಟೆಯ ಉಗಿ ಶೆಡ್ಡುಗಳಿಗೂ ಅದೇ ಗತಿ. ಹುಬ್ಬಳ್ಳಿಯ ವರ್ಕ್‌ಶಾಪ್ ಮಾತ್ರ ಹೊಸ ಕಾಲಕ್ಕೆ ಹೊಂದಿಕೊಂಡಿತು. ಮೀಟರ್ ಹಳಿಯ ಉಗಿ ಎಂಜಿನ್ನಿನ ದುರಸ್ತಿ ಬಿಟ್ಟು ದೊಡ್ಡ ಹಳಿಯ ಬೋಗಿಗಳ ಕೆಲಸ ಹಿಡಿಯಿತು. ಅದೇ ಊರಿನ ಡೀಸೆಲ್ ಶೆಡ್ಡು ಅಮೆರಿಕದ ವಿನ್ಯಾಸದ ಎಂಜಿನ್ನುಗಳ ಆರೈಕೆಗೆ ದೇಶದಲ್ಲೇ ಹೆಸರಾಯಿತು.

ಶೆಡ್ಡು ಮುಚ್ಚಿದಾಗ ಕಟ್ಟಡದ ಜೊತೆ ಒಂದು ವಿದ್ಯೆಯೂ ಹೋಗುತ್ತದೆ. ಬಾಯ್ಲರಿನ ಕೊಳವೆ ಸೋರುತ್ತಿದೆಯೇ ಎಂದು ಭಟ್ಟಿಯ ಬಣ್ಣ ನೋಡಿ ಹೇಳುತ್ತಿದ್ದ ಮೇಸ್ತ್ರಿ ಕೊನೆಗೆ ಇನ್ನೆಲ್ಲೋ ವರ್ಗವಾಗಿ, ಕಚೇರಿಯ ಫೈಲು ಹೊತ್ತು ನಿವೃತ್ತನಾದರೆ ಅವನ ಕಣ್ಣಿನ ವಿದ್ಯೆಯನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಇದು ಆಗಬಾರದಿತ್ತು. ಕಲ್ಲಿದ್ದಲು ಮಾತ್ರ ನಮ್ಮ ಜಿಲ್ಲೆಯನ್ನು ಬಿಡಲಿಲ್ಲ. 1985ರಲ್ಲಿ ಮೊದಲ ಘಟಕ ಶುರುವಾದ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರಕ್ಕೆ ಅದೇ ರೈಲು ದಾರಿಯಲ್ಲಿ ಕಲ್ಲಿದ್ದಲು ಬರುತ್ತದೆ. ಅಲ್ಲಿ ಉರಿದು ಕರೆಂಟಾಗುತ್ತದೆ. ಇಂದಿನ ಎಂಜಿನ್ನು ಓಡುವುದೂ ತಂತಿಯ ಕರೆಂಟಿನಿಂದಲೇ.

1997–2025: ಹಳಿ ನಮ್ಮ ಕಡೆ ತಿರುಗಿತು

ಮುನಿರಾಬಾದ್–ಮಹಬೂಬನಗರ ಹೊಸ ದಾರಿಗೆ ಒಪ್ಪಿಗೆ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಗಿಣಿಗೇರಾದಿಂದ ಕವಲೊಡೆದು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ರಾಯಚೂರು ಸೇರಿ ಕೃಷ್ಣೆಯಾಚೆ ತೆಲಂಗಾಣಕ್ಕೆ ಹೋಗುವ ದಾರಿ ಇದು. ಭೂಮಿ, ದುಡ್ಡು, ಕೆರೆ ಕಾಲುವೆಗಳ ಅಡ್ಡಿ ಎಲ್ಲವನ್ನೂ ದಾಟಿ ಹಂತ ಹಂತವಾಗಿ ಬಂತು. ಆ ಬದಿಯ ಕೆಲಸ ಮೊದಲು ಮುಗಿದು, 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಭಾಗ ದೇಶಕ್ಕೆ ಅರ್ಪಣೆಯಾಯಿತು. 2024ರ ಮಾರ್ಚಿನಲ್ಲಿ ಸಿಂಧನೂರಿನಿಂದ ಹುಬ್ಬಳ್ಳಿಗೆ ಗಾಡಿ ಹೊರಟಿತು.

ಲಿಂಗಸುಗೂರಿನ ಆಸೆ ಗದಗ–ವಾಡಿ ದಾರಿಯ ಮೇಲಿದೆ. ಸುಮಾರು 250 ಕಿ.ಮೀ. ಉದ್ದದ ಈ ದಾರಿ ತಳಕಲ್ಲಿನಲ್ಲಿ ಕವಲೊಡೆದು ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರದ ಸೀಮೆಯನ್ನು ಹಾಯುತ್ತದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಗಾಡಿ ಬಂತು. ಎರಡು ದಾರಿಗಳ ನಡುವೆ ಉಳಿದ ಮಸ್ಕಿಯವರ ಮನಸ್ಸಿನಲ್ಲಿ ಒಂದು ನೋವಿದೆ, ಅದು ಸಹಜ. ಯಾವ ಊರಿಗೆ ಮೊದಲು ಎಂದು ನಮ್ಮನಮ್ಮಲ್ಲಿ ನಡೆದ ಮಾತುಗಳೆಲ್ಲ ಈಗ ಹಳೆಯವು. ಸಿಂಧನೂರಿನಲ್ಲಿ ಇಳಿದವರನ್ನು ಅಶೋಕನ ಬಂಡೆಗೆ ಕರೆದೊಯ್ಯುವ ಬಸ್ಸನ್ನು ಗಾಡಿಯ ವೇಳೆಗೆ ಹೊಂದಿಸಿದರೂ ಆ ನೋವು ಸ್ವಲ್ಪ ತಗ್ಗೀತು.

ಗಮನಿಸಿ: ಗಿಣಿಗೇರಾ, ತಳಕಲ್ ಎರಡೂ ಬರದ ನಂತರ ಹಾಕಿದ ಸದರ್ನ್ ಮರಾಠಾ ದಾರಿಯ ಮೇಲಿನ ನಿಲ್ದಾಣಗಳು. ನಮ್ಮ ಎರಡೂ ಹೊಸ ಕವಲುಗಳು ಆ ಹಳೆಯ ಬುಡದಿಂದಲೇ ಚಿಗುರಿವೆ. ಸಿಂಧನೂರಿನ ಹಳಿ ರಾಯಚೂರನ್ನು ಮುಟ್ಟಿದ ದಿನ, ಬೆನ್ನು ತಿರುಗಿಸಿ ನಿಂತಿದ್ದ 1871ರ ದಾರಿಯೂ 1880ರ ದಶಕದ ದಾರಿಯೂ ನಮ್ಮ ಹೊಲಗಳ ನಡುವೆ ಕೈಹಿಡಿಯುತ್ತವೆ.

ಮುಂದಿನ ಕೆಲಸ

ಮೈಸೂರಿನಲ್ಲಿ 1979ರಲ್ಲೇ ರೈಲು ವಸ್ತು ಸಂಗ್ರಹಾಲಯವಾಯಿತು. ಹುಬ್ಬಳ್ಳಿಯಲ್ಲಿ 2020ರ ಆಗಸ್ಟಿನಲ್ಲಿ ಹಳೆಯ ಕಲ್ಲುಮನೆಗಳನ್ನು ಉಳಿಸಿಕೊಂಡು, ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟು, ಉತ್ತರ ಕರ್ನಾಟಕದ ಮೊದಲ ರೈಲು ಸಂಗ್ರಹಾಲಯ ತೆರೆಯಿತು. ಮೀಟರ್ ಹಳಿಯ ನೆನಪಿಗೆ ಅಲ್ಲೊಂದು ಸೂರು ಸಿಕ್ಕಿದೆ. ದೋಆಬಿನ ದೊಡ್ಡ ಹಳಿಯ ನೆನಪಿಗೆ, ಎರಡು ಕಂಪನಿಗಳು ಕೂಡಿದ ರಾಯಚೂರಿಗೆ, ಅಂಥದೊಂದು ಬೇಕು. ಅಲ್ಲಿ ಉಳಿದಿರುವ ಹಳೆಯ ರೈಲು ಕಟ್ಟಡಗಳಲ್ಲಿ ಒಂದನ್ನು ಕೆಡವದೆ, ದುರಸ್ತಿ ಮಾಡಿ, ಜಿಲ್ಲೆಯ ಮಕ್ಕಳಿಗೆ ತೆರೆಯಬೇಕು. ಖಾಲಿಯಾದ ರೈಲು ಕಚೇರಿಯನ್ನು ಕಾಲೇಜು ಮಾಡಿಕೊಂಡ ಧಾರವಾಡದ ಹಿರಿಯರ ಬುದ್ಧಿ ನಮಗೆ ಮೇಲ್ಪಂಕ್ತಿಯಾಗಬೇಕು.

ಇನ್ನೊಂದು ಕೇಳಿಕೆ ರೈಲ್ವೆ ಇಲಾಖೆಗೆ. ಸಿಂಧನೂರಿನಲ್ಲಿ ಗಾಡಿಗಳನ್ನು ತೊಳೆದು, ಪರೀಕ್ಷಿಸಿ, ಚಿಕ್ಕಪುಟ್ಟ ದುರಸ್ತಿ ಮಾಡುವ ಪಿಟ್ ಲೈನ್ ಆಗಲಿ. ಐಟಿಐ ಮುಗಿಸಿ ಬೆಂಗಳೂರಿನ ಬಸ್ ಹತ್ತುವ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹುಡುಗ ಹುಡುಗಿಯರಿಗೆ ಊರಲ್ಲೇ ಕೈತುಂಬ ಕೆಲಸ ಸಿಗಲಿ.

ಓದುಗರಲ್ಲಿಯೂ ಒಂದು ಬೇಡಿಕೆ ಇದೆ. ನಿಮ್ಮ ಅಜ್ಜನೋ ಮುತ್ತಜ್ಜನೋ ರಾಯಚೂರು, ಗುಂತಕಲ್ಲು, ಗದಗ, ಹೊಸಪೇಟೆ, ಹುಬ್ಬಳ್ಳಿಯ ಲೋಕೋದಲ್ಲಿ ದುಡಿದಿದ್ದರೆ, ಅಟ್ಟದ ಮೇಲೆ ಅವರ ಕೈಲಾಟೀನು, ಹಿತ್ತಾಳೆ ಬಿಲ್ಲೆ, ಎಣ್ಣೆಗಿಂಡಿ, ಡ್ಯೂಟಿಯ ಪುಸ್ತಕ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಆ ಕೆಲಸ ಮಾಡಿದವರು ಇನ್ನೂ ಮನೆಯಲ್ಲಿದ್ದರೆ ಈ ವಾರವೇ ಅವರ ಪಕ್ಕದಲ್ಲಿ ಕುಳಿತು ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದಿಟ್ಟು, ಈ ಸಂಚಿಕೆಯ ಸಂಪಾದಕರಿಗೆ ತಲುಪಿಸಿ.